ಬಿಳಿ ಎಳೆ, ಹಳದಿ ಎಳೆ

ಸೂರ್ಯ ಇನ್ನೂ ಕಣ್ಣು ಬಿಟ್ಟಿಲ್ಲ. ಅಗೆದ ರಸ್ತೆಯ ನಡುವೆ ಎದೆಮಟ್ಟದ ಗುಂಡಿ. ಅದರೊಳಗೆ ಮಗುಚಿಟ್ಟ ಬಕೆಟ್ಟಿನ ಮೇಲೆ ಐವತ್ತರ ಆಸುಪಾಸಿನ ಹೆಂಗಸೊಬ್ಬರು ಕೂತಿದ್ದಾರೆ. ತೊಡೆಯ ಮೇಲೆ ಊಟದ ಡಬ್ಬಿಯಷ್ಟು ದೊಡ್ಡ ಯಂತ್ರ, ಬೆರಳುಗಳ ನಡುವೆ ತಲೆಗೂದಲಿನಷ್ಟು ಸಣ್ಣ ಗಾಜಿನ ಎಳೆ. ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡ ಫೋನಿನಲ್ಲಿ ಅವರ ತಂಗಿ.

"ಅಕ್ಕ, ಇನ್ನೂ ಎಷ್ಟೊತ್ತು?"

"ಮಾತಾಡಿಸಬೇಡ. ಉಸಿರು ಬಿಟ್ರೂ ಅಲ್ಲಾಡುತ್ತೆ ಇದು."

ನಗರಸಭೆಯಲ್ಲಿ ಎಲ್ಲರೂ ಇವರನ್ನು ಕರೆಯುವುದು ನೂಲಕ್ಕ ಎಂದೇ. ನೆಲದಡಿಯ ಕೇಬಲ್ ಎಲ್ಲೇ ತುಂಡಾಗಲಿ, ಅದರೊಳಗಿನ ಗಾಜಿನ ಎಳೆಗಳನ್ನು ಬಣ್ಣ ನೋಡಿ ಜೋಡಿಸಿ, ಕಾಯಿಸಿ, ಮತ್ತೆ ಒಂದು ಮಾಡುವುದು ಇವರ ಕೆಲಸ. ಇಷ್ಟು ದೊಡ್ಡ ಊರಿಗೆ ಇಂಥವರು ಇಬ್ಬರೇ. ಇನ್ನೊಬ್ಬರು ಬೆನ್ನುನೋವಿನ ರಜೆಯಲ್ಲಿದ್ದಾರೆ.

ನೀರಿನ ವಿಭಾಗದ ಅಗೆಯುವ ಯಂತ್ರ ಪೈಪು ಹುಡುಕಲು ಬಂದು, ನಗರಸಭೆಯದೇ ಕೇಬಲ್ಲಿಗೆ ಹಲ್ಲು ಹಾಕಿ ಎಳೆದುಬಿಟ್ಟಿದೆ. ಊರಿನ ಆಂಬುಲೆನ್ಸ್ ಕರೆಗಳೆಲ್ಲ ಹರಿಯುವುದು ಇದರಲ್ಲೇ. ಆ ಕರೆಗಳನ್ನು ತೆಗೆದುಕೊಳ್ಳುವ ಕೋಣೆಯಲ್ಲಿ ಕೂತಿರುವವಳೇ ತಂಗಿ. ಅಕ್ಕನ ಜೊತೆ ಮಾತು ತನ್ನ ಸ್ವಂತ ಮೊಬೈಲಿನಲ್ಲಿ. ಊರಿನ ಕರೆಗಳಿಗೆ ಅವಳಿಗೀಗ ಉಳಿದಿರುವುದು ಮೂಲೆಯಲ್ಲಿದ್ದ ಒಂದು ಹಳೇ ಫೋನು. ಒಬ್ಬರು ಮಾತಾಡುತ್ತಿದ್ದರೆ ಮಿಕ್ಕವರಿಗೆಲ್ಲ ಎಂಗೇಜ್. ಸ್ವಲ್ಪ ಹೊತ್ತಿನ ಹಿಂದೆ ಒಬ್ಬ ಯುವಕ ಬೈಕಿನಲ್ಲಿ ಕೋಣೆಯ ಬಾಗಿಲಿಗೇ ಬಂದು ನಿಂತನಂತೆ. ಅಪ್ಪನಿಗೆ ಎದೆನೋವು, ಎಷ್ಟು ಸಲ ಮಾಡಿದರೂ ಫೋನು ಸಿಗಲಿಲ್ಲ. ಗಾಡಿಯನ್ನೇನೋ ಆಗಲೇ ಕಳಿಸಿದ್ದಾಳೆ. ಬೈಕಿಲ್ಲದವರು ಏನು ಮಾಡಬೇಕು ಅಂತ ತಂಗಿ ಕೇಳುತ್ತಲೇ ಇದ್ದಾಳೆ.

ನೂಲಕ್ಕನ ಸಿಟ್ಟು ಮೊದಲೇ ಬೇರೆಯವನ ಮೇಲೆ ತೀರಿದೆ. ಅಗೆಯುವ ಯಂತ್ರ ಓಡಿಸುವವನು ಮುಖ ಸಣ್ಣದು ಮಾಡಿಕೊಂಡು ಗುಂಡಿಯ ಅಂಚಿಗೆ ಬಂದಿದ್ದ. ಇನ್ನೊಂದು ಹೆಜ್ಜೆ ಇಟ್ಟರೆ ಕಾಲು ಮುರಿಯುತ್ತೇನೆ ಎಂದು ಗದರಿ ಅಟ್ಟಿದ್ದಾರೆ. ಅವನು ಹೋಗಿ ತನ್ನ ಯಂತ್ರದ ಮೆಟ್ಟಿಲ ಮೇಲೆ ಕೂತವನು ಅಲ್ಲಾಡಿಲ್ಲ.

"ನೀರಿನವರು ಕೆಳಗಿನ ಮಹಡಿ, ನಾವು ಮೇಲಿನ ಮಹಡಿ. ಇಲ್ಲಿ ಅಗೀಬಹುದಾ ಅಂತ ಕೇಳೋಕೆ ಹದಿನೈದು ಮೆಟ್ಟಿಲು ಹತ್ತಬೇಕು. ಅದು ಇವತ್ತಿನವರೆಗೂ ಯಾರ ಕೈಲೂ ಆಗಿಲ್ಲ" ಎನ್ನುತ್ತಾರೆ ನೂಲಕ್ಕ. ವಾರಕ್ಕೆರಡು ಸಲವಾದರೂ ಹೀಗೆ ಯಾವುದೋ ರಸ್ತೆಯ ಹೊಟ್ಟೆಯೊಳಗೆ ಇಳಿಯುತ್ತಾರೆ.

ಮೊದಲು ಇವರು ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಗುಂಡಿ ಹೊಲಿಯುತ್ತಿದ್ದರು. ಕಾರ್ಖಾನೆ ಮುಚ್ಚಿದ ಮೇಲೆ ನಗರಸಭೆಯ ಕಸದ ಗಾಡಿಗೆ ಸೇರಿದರು. ಕೇಬಲ್ ಕೆಲಸಕ್ಕೆ ಕೈ ನಡುಗದವರು ಬೇಕು ಅಂದಾಗ ಕೈ ಎತ್ತಿದರು. ಗಾಜಿನ ಚೂರು ಬೆರಳಿಗೆ ಹೊಕ್ಕರೆ ಕಣ್ಣಿಗೂ ಕಾಣದು, ನೋವು ಮಾತ್ರ ದಿನಗಟ್ಟಲೆ. ಮನೆಗೆ ಬಂದರೆ ಸೀರೆ ಕೊಡವದೆ ಒಳಗೆ ಬಿಡುವುದಿಲ್ಲ ಅತ್ತೆ. "ಊರಿಗೆಲ್ಲ ನೂಲು ಎಳೀತಾಳೆ, ನಮ್ಮನೇಲಿ ಮೊಮ್ಮಗಳು ಸಿಗ್ನಲ್ಲಿಗೆ ಮಾಳಿಗೆ ಹತ್ತಬೇಕು" ಎಂದು ಆಡಿಕೊಳ್ಳುವುದೂ ಅವರೇ.

ತೊಡೆಯ ಮೇಲಿನ ಯಂತ್ರ ಕುಂಯ್ ಎನ್ನುತ್ತದೆ. ಎಳೆ ಕೂಡಿಕೊಂಡಿದೆ.

"ನೋಡು, ಬಂತಾ?"

"ಇಲ್ಲ ಅಕ್ಕ. ಹಂಗೇ ಸತ್ತಿದೆ."

ನೂಲಕ್ಕನ ಕೈ ಮೊದಲ ಸಲ ನಿಲ್ಲುತ್ತದೆ. ತಲೆಗೆ ಕಟ್ಟಿದ ದೀಪದ ಬ್ಯಾಟರಿ ಮುಗಿದಿತ್ತು. ಬೀದಿದೀಪದ ಹಳದಿ ಬೆಳಕಲ್ಲೇ ಜೋಡಿಸಿದ್ದರು. ಆ ಬೆಳಕಿನಲ್ಲಿ ಬಿಳಿ ಎಳೆಯೂ ಹಳದಿಯೇ, ಹಳದಿ ಎಳೆಯೂ ಹಳದಿಯೇ. ಬಿಳಿಯದು ಆಂಬುಲೆನ್ಸಿನದು, ಹಳದಿಯದು ಗ್ರಂಥಾಲಯದ್ದು. ಒಂದಕ್ಕೊಂದು ಅದಲುಬದಲು ಕೂಡಿಸಿಬಿಟ್ಟಿದ್ದಾರೆ.

ಎರಡನ್ನೂ ಕತ್ತರಿಸಿ ಮತ್ತೆ ಕೂಡಿಸಬೇಕು. ಪ್ರತಿ ಸಲ ಕತ್ತರಿಸಿದಾಗಲೂ ಎಳೆ ಬೆರಳುದ್ದ ಕಡಿಮೆಯಾಗುತ್ತದೆ. ಹಲ್ಲಿಗೆ ಸಿಕ್ಕು ಜಗ್ಗಿದ ಕೇಬಲ್ಲಿನಲ್ಲಿ ಉಳಿದಿರುವುದೇ ಒಂದು ಗೇಣು, ಅದರಲ್ಲಿ ಅರ್ಧ ಯಂತ್ರದ ಬಾಯಿಗೇ ಬೇಕು. ಇನ್ನೊಂದು ಸಲ ತಪ್ಪಿದರೆ ಉಗ್ರಾಣದಿಂದ ಹೊಸ ಕೇಬಲ್ ಬರಬೇಕು, ಎಂದರೆ ಮಧ್ಯಾಹ್ನ. ಬೆಳಕು ಹರಿಯುವವರೆಗೆ ಕಾಯೋಣವೆಂದರೆ ಮೂಲೆಯ ಫೋನು ಒಂದೇ ಸಮ ಹೊಡೆದುಕೊಳ್ಳುತ್ತಿರುವುದು ಇಲ್ಲಿಗೂ ಕೇಳುತ್ತಿದೆ. ತಮ್ಮ ಫೋನಿನ ದೀಪ ಹಾಕೋಣವೆಂದರೆ ಅದೂ ಕೊನೆಯುಸಿರಿನಲ್ಲಿದೆ.

ನೂಲಕ್ಕ ತಲೆಯೆತ್ತಿ ಅಗೆಯುವ ಯಂತ್ರದ ಕಡೆ ನೋಡುತ್ತಾರೆ.

"ಏ ತಮ್ಮ, ನಿನ್ ಫೋನಲ್ಲಿ ಲೈಟ್ ಇದ್ಯಾ?"

"ಇದೆ ಅಕ್ಕ. ಆಗ್ಲೇ ಅದನ್ನೇ ಹೇಳೋಕೆ ಬಂದಿದ್ದೆ."

ಅವನು ಗುಂಡಿಯ ಅಂಚಿನಲ್ಲಿ ಬೋರಲಾಗಿ ಮಲಗಿ ಕೈ ಇಳಿಬಿಡುತ್ತಾನೆ. ಬಿಳಿ ಬೆಳಕು ಬಿದ್ದದ್ದೇ ಎರಡು ಎಳೆಗಳೂ ಬೇರೆ ಬೇರೆಯಾಗಿ ಕಾಣುತ್ತವೆ. ಕತ್ತರಿಸಿ, ಒರೆಸಿ, ಯಂತ್ರದ ಬಾಯಿಗಿಡುತ್ತಾರೆ. ಬೆಳಕು ಕುಣಿದಾಗ, ಕುಣಿಸಬೇಡ ಎಂದು ಮೆತ್ತಗೆ ಹೇಳುತ್ತಾರೆ. ಮತ್ತೆ ಕುಂಯ್.

ಫೋನಿನಲ್ಲಿ ಮೊದಲು ಏನೂ ಇಲ್ಲ. ಆಮೇಲೆ ಒಟ್ಟೊಟ್ಟಿಗೆ ಹಲವು ಗಂಟೆಗಳು.

"ಬಂತು ಅಕ್ಕ. ಆ ಹುಡುಗನ ಅಪ್ಪ ಆಸ್ಪತ್ರೆ ಸೇರಿದ್ರಂತೆ. ಇಡು ಇಡು, ಕರೆ ಬರ್ತಿದೆ." ಅಷ್ಟು ಹೇಳಿ ತಂಗಿ ಇಟ್ಟೇಬಿಡುತ್ತಾಳೆ.

ಹಳದಿ ಎಳೆಯನ್ನೂ ಕೂಡಿಸಿ ಮುಗಿಸುವ ಹೊತ್ತಿಗೆ ಬೀದಿದೀಪ ತಾನಾಗಿ ಆರುತ್ತದೆ. ಮೇಲೆ ಹತ್ತಲು ಅವನೇ ಕೈ ಕೊಡುತ್ತಾನೆ. ಆಗ ಎರಡು ಆಸೆ ಇವೆ ಎನ್ನುತ್ತಾರೆ ನೂಲಕ್ಕ. ಒಳ್ಳೆಯ ದೀಪವೊಂದು ಬೇಕು, ಅದನ್ನು ಆಫೀಸಿನಲ್ಲಿ ಕೇಳುತ್ತಾರೆ. ಇನ್ನೊಂದನ್ನು ಕೇಳುವುದು ಅವನ ಹತ್ತಿರ.

"ನನ್ ನಂಬರ್ ಬರ್ಕೋ. ಮುಂದಿನ ಸಲ ಅಗೆಯೋ ಮುಂಚೆ ಒಂದು ಫೋನ್ ಹಾಕು. ಮೆಟ್ಟಿಲು ಹತ್ತೋದೇನೂ ಬೇಡ. ಎಷ್ಟೊತ್ತಿಗಾದ್ರೂ ಎತ್ತುತ್ತೀನಿ." ಸೀರೆಯ ಮಣ್ಣು ಕೊಡವುತ್ತಾ ಸೇರಿಸುತ್ತಾರೆ, "ಬೈಯಲ್ಲ."