ಚಮಚದಲ್ಲಿ ಮುದ್ದೆ ತಿಂದ ಚಾಮಯ್ಯ

ಚಾಮಯ್ಯನಿಗೆ ಈ ಲೋಕದಲ್ಲಿ ಮೂಗು ಅಂತ ಇರುವುದು ತನಗೊಬ್ಬನಿಗೇ ಎಂಬ ನಂಬಿಕೆ. ನಂಜನಗೂಡಿನ ಕಾಲೇಜೊಂದರ ಪ್ರಾಣಿಶಾಸ್ತ್ರ ಲ್ಯಾಬಿನಲ್ಲಿ ಮೂವತ್ತೊಂದು ವರ್ಷ ಅಟೆಂಡರ್ ಆಗಿದ್ದವನು. ಗಾಜಿನ ಜಾಡಿಗಳಲ್ಲಿದ್ದ ಕಪ್ಪೆ, ಹಾವು, ಎರಡು ತಲೆಯ ಮೇಕೆಮರಿ ಕೊಳೆಯದಂತೆ ಕಾಯುವುದು ಅವನ ಕೆಲಸ. ಅದಕ್ಕೆ ಫಾರ್ಮಲಿನ್, ಅಂದರೆ ಫಾರ್ಮಾಲ್ಡಿಹೈಡ್ ಬೆರೆತ ನೀರು, ಅಳೆದು ಸುರಿಯಬೇಕು. ಮುಚ್ಚಳ ತೆಗೆದರೆ ಸಾಕು, ಕಣ್ಣು ಉರಿದು ನೀರು ಬರುವ ಪದಾರ್ಥ ಅದು. ಲೆಕ್ಚರರುಗಳು ಮೂಗಿಗೆ ಕರ್ಚೀಫು ಒತ್ತಿಕೊಂಡು ಬಾಗಿಲಲ್ಲೇ ನಿಲ್ಲುತ್ತಿದ್ದರು. ಚಾಮಯ್ಯ ಅವರ ಎದುರಿಗೇ ಬರಿಗೈಯನ್ನು ಜಾಡಿಗೆ ಇಳಿಸುತ್ತಿದ್ದ. ಕೊಟ್ಟ ಗ್ಲೌಸನ್ನು ಬೀರುವಿನ ಮೇಲೆಸೆದು, "ಇದೆಲ್ಲ ಎಂಗಸ್ರು ಆಕ್ಕೊಳೋದು ಸಾ" ಎನ್ನುತ್ತಿದ್ದ.

ಆ ಗಂಡಸುತನ ಬೆರಳುಗಳಲ್ಲಿ ಕಾಣಿಸಿಕೊಂಡಿತು. ಮೊದಲು ತುರಿಕೆ, ಆಮೇಲೆ ನೀರುಗುಳ್ಳೆ, ಆಮೇಲೆ ಬಿರುಕು. ಮೈಸೂರಿನ ಚರ್ಮದ ಡಾಕ್ಟರು ಬೆನ್ನಿಗೆ ಪಟ್ಟಿ ಅಂಟಿಸಿ ಪರೀಕ್ಷಿಸಿ, "ನಿಮಗೆ ಫಾರ್ಮಾಲ್ಡಿಹೈಡ್ ಅಲರ್ಜಿ. ಅಲರ್ಜಿ ಹೋಗಲ್ಲ. ಅದರಿಂದ ದೂರ ಇದ್ದರೆ ಕೈ ವಾಸಿಯಾಗುತ್ತೆ" ಎಂದರು. ರಿಟೈರಾಗಿ ಒಂದೂವರೆ ವರ್ಷವಾಯಿತು. ಈಗ ಮುಟ್ಟುವುದಕ್ಕೆ ಒಂದು ಜಾಡಿಯೂ ಇಲ್ಲ. ಕೈ ಮಾತ್ರ ಹಾಗೇ ಇತ್ತು.

ಅದರಿಂದ ಅವನಿಗೆ ತಪ್ಪಿಹೋದದ್ದು ಮುದ್ದೆ. ಬಿಸಿ ಮುದ್ದೆ ಮುರಿದು ಸಾರಿಗೆ ಅದ್ದಿದರೆ ಬಿರುಕುಗಳಿಗೆ ಖಾರ ಇಳಿದು ಜೀವ ಹೋದಂತಾಗುತ್ತಿತ್ತು. ಹಾಗಾಗಿ ಚಾಮಯ್ಯ ಚಮಚದಲ್ಲಿ ಮುದ್ದೆ ತಿನ್ನುವ ಗತಿಗೆ ಬಂದ. ಹೆಂಡತಿ ಪುಟ್ಟಲಕ್ಷ್ಮಿಗೂ ಕಾಣದಂತೆ ಗೋಡೆಗೆ ಮುಖ ಮಾಡಿ ಕೂತು ತಿನ್ನುತ್ತಿದ್ದ. ನೆಂಟರ ಮನೆ ಊಟಗಳನ್ನೆಲ್ಲ ಬಿಟ್ಟ. ಮಗಳು ಗೌತಮಿ ಟಿ. ನರಸೀಪುರದಲ್ಲಿ ಬ್ಯೂಟಿ ಪಾರ್ಲರ್ ತೆರೆದ ದಿನ ಊಟಕ್ಕೂ ನಿಲ್ಲದೆ ಬಸ್ಸು ಹತ್ತಿದ. ಊರಿಗೆಲ್ಲ ಹೇಳಿಕೊಂಡ ಕಾರಣ ಮಾತ್ರ ಬೇರೆ. "ಮೊಕಕ್ಕೆ ಬಣ್ಣ ಬಳಿಯೋ ಅಂಗ್ಡಿ. ಅಲ್ಲೇನು ಉಣ್ಣೋದು?"

ಶಾಂಪೂ, ಸ್ನೋ, ಪೌಡರು, ಯಾವುದನ್ನು ಕಂಡರೂ ಚಾಮಯ್ಯ ಮೂಗು ಮುರಿಯುತ್ತಿದ್ದ. ಎಲ್ಲವೂ ಕೆಮಿಕಲ್ಲು, ಹಚ್ಚಿಕೊಳ್ಳುವವರೆಲ್ಲ ದಡ್ಡರು. ಪುಟ್ಟಲಕ್ಷ್ಮಿಯ ಕ್ರೀಮಿನ ಡಬ್ಬಿಯನ್ನು ಒಮ್ಮೆ ಕಾಂಪೌಂಡಿನಾಚೆ ಎಸೆದಿದ್ದ. ಇಂಥ ಮಹಾಬುದ್ಧಿವಂತ ತನ್ನ ಕೈಗೆ ಹಚ್ಚುತ್ತಿದ್ದದ್ದು ಬಜಾರಿನಿಂದ ತಂದ ಲೋಳೆಸರದ ಜೆಲ್ಲು. ಹಸಿರು ಡಬ್ಬಿ, ಮೇಲೊಂದು ಎಲೆ, ಎಲೆಯ ಪಕ್ಕ ಗಡ್ಡದ ಋಷಿ, ಕೆಳಗೆ 'ನೂರಕ್ಕೆ ನೂರು ನಿಸರ್ಗ'. ಋಷಿಯ ಗಡ್ಡ ನೋಡಿ ನಂಬಿದ್ದ. ಡಬ್ಬಿಯನ್ನು ತಿರುಗಿಸಿ ಹಿಂಬದಿ ನೋಡಿರಲಿಲ್ಲ.

ಒಂದು ಮಂಗಳವಾರ ತೌರಿಗೆ ಬಂದ ಗೌತಮಿ ಅದನ್ನು ತಿರುಗಿಸಿದಳು. ಅಕ್ಷರ ಇರುವೆ ಕಾಲಿನಷ್ಟಿತ್ತು. ಮೊಬೈಲಿನಲ್ಲಿ ಫೋಟೋ ತೆಗೆದು ಹಿಗ್ಗಿಸಿ ಓದಿದಳು.

"ಅಪ್ಪಾ, ಇದ್ನ ಎಷ್ಟು ದಿನ್ದಿಂದ ಅಚ್ಕೊತಿದ್ದೀಯ?"

"ದಿನುಕ್ಕೆ ಮೂರ್ ಸಲ. ವರ್ಸದ ಮ್ಯಾಲಾಯ್ತು. ಯಾಕವ್ವ?"

"ಇದ್ರಲ್ಲಿ ಡಿಎಂಡಿಎಂ ಹೈಡಾಂಟಾಯಿನ್ ಅದೆ."

"ಅದ್ಯಾವ ದೇವ್ರು?"

"ಫಾರ್ಮಾಲ್ಡಿಹೈಡ್ ಬಿಡೋ ಪದಾರ್ಥ ಕಣಪ್ಪ. ನೀರಿರೋ ಜೆಲ್ಲಲ್ಲಿ ಬೂಷ್ಟು, ಕ್ರಿಮಿ ಬೆಳೀದಂಗೆ ಆಕ್ತಾರೆ. ಡಬ್ಬಿ ಒಳ್ಗೆ ಚೂರ್ಚೂರೇ ಬಿಡ್ತಾ ಇರ್ತದೆ. ನೀನು ಕಪ್ಪೆ ಕಾಯ್ತಿದ್ದೆ, ಇದು ಜೆಲ್ಲು ಕಾಯ್ತದೆ."

ಚಾಮಯ್ಯ ನಕ್ಕ. ಅದು ಲ್ಯಾಬಿಗೆ ಬರುವ ಹೊಸ ಹುಡುಗರನ್ನು ನೋಡಿ ನಗುತ್ತಿದ್ದ ನಗು. "ಮೂರ್ ತಿಂಗ್ಳು ಕೋರ್ಸ್ ಮಾಡ್ಬುಟ್ಟು ನಂಗೇ ಪಾಠ ಏಳ್ತೀಯ? ಫಾರ್ಮಲಿನ್ ಇದ್ದಿದ್ರೆ ಈ ಮೂಗ್ಗೆ ಗೊತ್ತಾಯ್ತಿರ್ನಿಲ್ವಾ?"

"ಮೂಗ್ಗೆ ಗೊತ್ತಾಗೋ ಅಷ್ಟು ಇರಲ್ಲ. ನಿನ್ ಚರ್ಮಕ್ಕೆ ಗೊತ್ತಾಯ್ತದೆ. ಕೈಗೆ ಬರೀ ಪೆಟ್ರೋಲಿಯಂ ಜೆಲ್ಲಿ ಅಚ್ಕೊ, ಅದ್ರಲ್ಲಿ ನೀರೇ ಇಲ್ಲ, ಕಾಯೋದೂ ಬ್ಯಾಡ. ಈ ಜೆಲ್ಲನ್ನ ಮೊಣಕೈ ಒಳ್ಮಡಿಕೆಗೆ ಬೆಳಿಗ್ಗೆ ಸಂಜೆ ಒಂದ್ವಾರ ಅಚ್ಚಿ ನೋಡು. ಏನೂ ಆಗ್ದಿದ್ರೆ ನಾನೇ ದಡ್ಡಿ."

ಮಗಳನ್ನು ದಡ್ಡಿ ಮಾಡುವ ಆಸೆಗೆ ಚಾಮಯ್ಯ ಒಪ್ಪಿದ. ನಾಲ್ಕನೆಯ ದಿನ ಮೊಣಕೈಯೊಳಗೆ ರೂಪಾಯಿ ಅಗಲ ಕೆಂಪಗಾಗಿ ಕೆರೆಯತೊಡಗಿತು. ಯಾರಿಗೂ ಹೇಳಲಿಲ್ಲ. ಸುಡು ಬಿಸಿಲಿನಲ್ಲಿ ಎರಡು ದಿನ ತುಂಬುತೋಳಿನ ಅಂಗಿ ಹಾಕಿಕೊಂಡು ತಿರುಗಿದ. ಮೂರನೆಯ ದಿನ ಪುಟ್ಟಲಕ್ಷ್ಮಿ ಕೈ ಹಿಡಿದು ಅಂಗಿಯ ತೋಳು ಮೇಲೆತ್ತಿ ನೋಡಿದಳು. ಹಸಿರು ಡಬ್ಬಿಯನ್ನು ಎತ್ತಿ ಕಾಂಪೌಂಡಿನಾಚೆ ಎಸೆದಳು. ಅವಳಿಗೂ ಒಂದು ಹಳೆಯ ಬಾಕಿ ತೀರಿತು.

ಆರು ವಾರಕ್ಕೆ ಬಿರುಕು ಮುಚ್ಚಿತು. ಕೈ ವಾಸಿಯಾದರೂ ಬುದ್ಧಿ ವಾಸಿಯಾಗಬೇಕೆಂದಿಲ್ಲ. ಚಾಮಯ್ಯ ನರಸೀಪುರಕ್ಕೆ ಹೋಗಿ ಪಾರ್ಲರಿನ ನಡುವೆ ನಿಂತು, "ಈ ಶಾಂಪೂನೆಲ್ಲ ಚರಂಡಿಗೆ ಚೆಲ್ಲು" ಎಂದು ಅಪ್ಪಣೆ ಮಾಡಿದ.

"ಯಾಕೆ ಚೆಲ್ಲಬೇಕು?" ಎಂದಳು ಗೌತಮಿ. "ಫಾರ್ಮಾಲ್ಡಿಹೈಡ್ ಇಷ್ಟು ಕಮ್ಮಿ ಇದ್ರೆ ಬೋ ಜನಕ್ಕೆ ಏನೂ ಆಗಲ್ಲ. ಕಾಯೋದು ಏನೂ ಆಕ್ದೇ ಇದ್ರೆ ಕ್ರಿಮಿ ಬೆಳ್ದು ಕಣ್ಣಿಗೆ ನಂಜಾಯ್ತದೆ. ನಿನ್ನಂತೋರು ಡಬ್ಬಿ ಹಿಂಬದಿ ಓದ್ಕೊಂಡು ದೂರ ಇರ್ಬೇಕು, ಅಷ್ಟೆ. ಕೂದ್ಲು ನೆಟ್ಟಗೆ ಮಾಡೋ ಒಂದು ಲೋಷನ್ನ ಮಾತ್ರ ನಾನೇ ವಾಪಸ್ ಕಳಿಸ್ದೆ. ಬಿಸಿ ಕೊಟ್ರೆ ಅದ್ರಿಂದ ಫಾರ್ಮಾಲ್ಡಿಹೈಡ್ ಗ್ಯಾಸೇ ಏಳ್ತದೆ. ಅದನ್ನ ದಿನಾ ಉಸ್ರಾಡುದ್ರೆ ಕ್ಯಾನ್ಸರ್ ಬರ್ಬೋದು. ಇನ್ನು ಕಳ್ಳರು ಅಂದ್ರೆ, ಆಕೋದೂ ಆಕಿ ಋಷಿ ಚಿತ್ರ ಅಂಟಿಸ್ತಾರಲ್ಲ, ಅವ್ರು."

ಚಾಮಯ್ಯ, "ನನ್ ಮೂಗು ಸರಿಯಾಗೇ ಅದೆ" ಎಂದಷ್ಟೇ ಗೊಣಗಿದ.

ಪಾರ್ಲರಿನ ಹಿಂದೆಯೇ ಅವಳ ಮನೆ. ಗೌತಮಿ ತಟ್ಟೆಗೆ ಮುದ್ದೆಯಿಟ್ಟು ಉಪ್ಪೆಸರು ಬಿಟ್ಟಳು. ಪಕ್ಕದಲ್ಲಿ ಸದ್ದಾಗದಂತೆ ಒಂದು ಚಮಚವಿಟ್ಟಳು. ಆಮೇಲೆ ಅಪ್ಪನಿಗೆ ಬೆನ್ನು ಹಾಕಿ, ಆಗಲೇ ತೊಳೆದಿಟ್ಟಿದ್ದ ಲೋಟಗಳನ್ನು ಮತ್ತೆ ತೊಳೆಯತೊಡಗಿದಳು.

ಪಾರ್ಲರ್ ತೆರೆದ ದಿನ ತಾನು ಉಣ್ಣದೆ ಓಡಿದ್ದು ಯಾಕೆಂದು ಇವಳಿಗೆ ಆಗಲೇ ಗೊತ್ತಿತ್ತು ಎಂಬುದು ಚಾಮಯ್ಯನಿಗೆ ಹೊಳೆಯಿತು. ಗೊತ್ತಿದ್ದೂ ಅವನ ಬಾಯಿಂದ ಬಂದ ತಾತ್ಸಾರವನ್ನೆಲ್ಲ ಕೇಳಿಸಿಕೊಂಡಿದ್ದಳು. ಎರಡು ತಲೆಯ ಮೇಕೆಮರಿಗೂ ಇಷ್ಟು ನಾಚಿಕೆಯಾಗಿರಲಾರದು.

ಚಮಚವನ್ನು ದೂರ ತಳ್ಳಿದ. ಬೆರಳಿನಿಂದ ಮುದ್ದೆ ಮುರಿದು ಸಾರಿಗೆ ಅದ್ದಿ ನುಂಗಿದ. ಉರಿಯಲಿಲ್ಲ.

"ಇತ್ತಾಗೆ ತಿರುಗವ್ವ," ಎಂದ. "ಇನ್ನೊಂದೀಟು ಸಾರು ಬಿಡು."