ಪಾಸ್ತಾ ಬಸಿದ ನೀರು

ಸ್ನೇಹಿತರೇ, ಇವತ್ತು ಮಧ್ಯಾಹ್ನ ನಾನು ಮಾಡಿದ ಅಡುಗೆ ಯಾವುದು ಅಂತ ನೀವಾದರೂ ಹೇಳಿ.

ಬಿಸಿಲು ಜೋರಾದಾಗಿನಿಂದ ಅತ್ತೆಗೆ ಊಟ ಸೇರುತ್ತಿಲ್ಲ. ಒಂದು ವಾರದಿಂದ ಬರೀ ಮಜ್ಜಿಗೆ. ನನಗೂ ಭಯವಾಗಿತ್ತು. ಹೊಟ್ಟೆಗೆ ಹಗುರವಾಗಿರಲಿ ಎಂದು ಪಾಸ್ತಾ ಮಾಡಲು ಹೊರಟೆ. ಹಿತ್ತಲಿನ ಎಳೆ ಬೀನ್ಸ್, ಕ್ಯಾರೆಟ್ ಜೊತೆಗೇ ಬೇಯಿಸಿ ಬಸಿದಿಟ್ಟೆ. ಟೊಮೆಟೊ, ಕಾಳುಮೆಣಸಿನ ಪುಡಿ, ನಿಂಬೆರಸ ಬೆರೆಸಿದರೆ ಮುಗಿಯಿತು. ನಿಂಬೆಹಣ್ಣೇ ಇರಲಿಲ್ಲ. ಪಕ್ಕದ ಮನೆಯಲ್ಲಿ ಮಾತಿಗೆ ನಿಂತು ತರುವಷ್ಟರಲ್ಲಿ ಅಡುಗೆಮನೆಯಿಂದ ಬೆಳ್ಳುಳ್ಳಿ ಒಗ್ಗರಣೆಯ ವಾಸನೆ.

"ಅತ್ತೆ, ಪಾಸ್ತಾ ಎಲ್ಲಿ?"

"ನೀನ್ ಬಸ್ದಿಟ್ಟಿದ್ದಲ್ಲವ್ವಾ, ಅದ್ಕೆ ಕಾಯ್ತುರಿ ಹಾಕಿ ಪಲ್ಯ ಮಾಡ್ಬುಟ್ಟೆ. ನೀರ್ಗೆ ಖಾರ ರುಬ್ಬಾಕಿ ಬಸ್ಸಾರು ಮಾಡಿವ್ನಿ. ಆ ತೂತಿರೋ ತರಕಾರಿ ಯಾವ್ದು? ಚೆನ್ನಾಗೈತೆ ಕಣವ್ವ."

ತಂದ ನಿಂಬೆಹಣ್ಣು ಫ್ರಿಜ್ಜಿಗೆ ಹೋಯಿತು. ಅತ್ತೆ ನನ್ನಿಂದಲೇ ಮುದ್ದೆ ಮಾಡಿಸಿಕೊಂಡು, ಎರಡು ಸಲ ಸಾರು ಬಿಡಿಸಿಕೊಂಡು ಉಂಡರು. "ಇವತ್ ನೀನ್ ಮಾಡಿದ್ ಅಡ್ಗೆ ಬಾಯಿಗ್ ಹಿಡೀತು ನೋಡು" ಎಂದರು. ಯಾವ ಅಡುಗೆ ಎಂದು ಕೇಳುವ ಧೈರ್ಯವಾಗದೆ ತಲೆಯಾಡಿಸಿದೆ.

ಈಗಷ್ಟೇ ನಮ್ಮವರು ಸಕಲೇಶಪುರದಿಂದ ಫೋನ್ ಮಾಡಿ, "ಪಾಸ್ತಾ ಹೆಂಗಾಯ್ತೆ?" ಎಂದರು.

"ಚೆನ್ನಾಗಿತ್ತು ಕಣ್ರೀ, ಮುದ್ದೆಗೆ ಸ್ವಲ್ಪ ಖಾರ ಜಾಸ್ತಿ ಆಯ್ತು" ಎಂದೆ.