ವಲಾಂಡಿಯ ಗೀರುಗಲ್ಲು

ಕೋಳಿ ಕೂಗುವ ಮೊದಲು ಶಿವಗಂಗಾಬಾಯಿ ಮಾಡಿ ಮುಗಿಸಬೇಕಾದ ಕೆಲಸ ಇಷ್ಟು: ದನಗಳ ಸಗಣಿ ಬಳಿಯುವುದು, ಅಂಗಳ ಸಾರಿಸುವುದು, ಹಂಡೆ ತುಂಬುವುದು, ಬೂದಿ ತೆಗೆದು ಒಲೆ ಹೊತ್ತಿಸುವುದು, ಜೋಳ ಬೀಸುವುದು, ಮಜ್ಜಿಗೆ ಕಡೆಯುವುದು, ಮಾವನ ಲಿಂಗಪೂಜೆಗೆ ಪತ್ರಿ ತಂದಿಡುವುದು, ಹೊಲಕ್ಕೆ ಹೋಗುವವರ ರೊಟ್ಟಿಗೆ ಖಾರ ಅರೆಯುವುದು. ಅತ್ತೆ ಕಸ್ತೂರಬಾಯಿ ಎದ್ದು ಬಂದು, “ಇನ್ನಾ ಏನೂ ಆಗಿಲ್ಲೇನು?” ಎಂದು ಕೇಳುವುದು ಈ ಲೆಕ್ಕದಲ್ಲಿಲ್ಲ. ಅದು ಪುಕ್ಕಟೆ.

ಆದರೆ ಈಚೆಗೆ ಅತ್ತೆ ಎದ್ದು ಬರುವಷ್ಟರಲ್ಲಿ ಎಲ್ಲವೂ ಆಗಿರುತ್ತಿತ್ತು. ಸೊಸೆ ಹಿತ್ತಲ ಕಟ್ಟೆಯ ಮೇಲೆ ಸುಮ್ಮನೆ ಕೂತಿರುತ್ತಿದ್ದಳು. ಕಸ್ತೂರಬಾಯಿಗೆ ಇದಕ್ಕಿಂತ ದೊಡ್ಡ ಅನುಮಾನ ಇನ್ನೊಂದಿರಲಿಲ್ಲ. ಕೂತ ಹೆಂಗಸು ಎಲ್ಲೋ ಏನೋ ಕದ್ದಿದ್ದಾಳೆ ಎಂದೇ ಆಕೆಯ ನಂಬಿಕೆ. ಹಿಟ್ಟು ಮುಟ್ಟಿ ನೋಡಿದಳು, ನುಣ್ಣಗಿತ್ತು. ಖಾರ ನೆಕ್ಕಿ ನೋಡಿದಳು, ಸರಿಯಾಗಿತ್ತು. ಅನುಮಾನ ಇನ್ನೂ ಹೆಚ್ಚಾಯಿತು.

ಗುಟ್ಟೆಂದರೆ ಒಂದು ಕಲ್ಲು. ಬಟ್ಟೆ ಒಗೆಯಲು ಹೋದಾಗ ತಮ್ಮೂರು ವಲಾಂಡಿಯ ಹಳ್ಳದ ದಂಡೆ ಕುಸಿದಲ್ಲಿ ಶಿವಗಂಗಾಬಾಯಿಗೆ ಸಿಕ್ಕದ್ದು. ತಲೆದಿಂಬಿನಷ್ಟು ಉದ್ದ, ಕಪ್ಪು, ಮೇಲೆ ನೇಗಿಲು ಹೊಡೆದ ಹಾಗೆ ಸಾಲು ಸಾಲು ಗೀರು. ಮೆಣಸಿನಕಾಯಿ, ಬಳ್ಳೊಳ್ಳಿ ಅದರ ಮೇಲೆ ಜಾರದೆ ನುಣ್ಣಗಾಗುತ್ತಿದ್ದವು. ತೊಗರಿ ತಿಕ್ಕಿದರೆ ಸಿಪ್ಪೆ ಸಡಿಲಾಗುತ್ತಿತ್ತು. ಹುಗ್ಗಿಗೆ ಗೋಧಿಯ ತೌಡು ತೆಗೆಯಲು ಒನಕೆ ಹಿಡಿದು ರಟ್ಟೆ ಬೀಳಿಸಿಕೊಳ್ಳಬೇಕಾಗಿರಲಿಲ್ಲ. ಗೋಧಿ ನೆನೆಸಿ ತಿಕ್ಕಿದರೆ ಸಾಕು. ಅಡುಗೆಮನೆಯ ಬೀಸುಕಲ್ಲು, ಒಳಕಲ್ಲುಗಳಿಗೆ ಸೋಮವಾರ ಲಿಂಗಪೂಜೆಯ ಈಬತ್ತಿ ಹಚ್ಚುವಾಗ ಅತ್ತೆ ಇದೂ ಒಂದು ಅರೆಯುವ ಕಲ್ಲೆಂದೇ ತಿಳಿದು ಮೂರು ಬೆರಳು ಎಳೆಯುತ್ತಿದ್ದಳು. ಅನ್ನ ಕೊಡುವ ಕಲ್ಲಿಗೆ ಈಬತ್ತಿ ಹಚ್ಚುವುದು ಆ ಮನೆಯ ಪದ್ಧತಿ.

ಆ ಚಳಿಗಾಲ ಹೈದರಾಬಾದಿನ ಅಜಾಯಬ್‌ಘರದವರು, ಅಂದರೆ ವಸ್ತುಸಂಗ್ರಹಾಲಯದವರು, ಉದಗಿರದಲ್ಲಿ ಡೇರೆ ಹಾಕಿ, ಹಳೇ ಕಾಲದ ಎಲುಬು ತೋರಿಸುತ್ತಿದ್ದಾರೆಂದು ಸುದ್ದಿ ಬಂತು. ಶುಕ್ರವಾರ ಹೆಂಗಸರು ಮಕ್ಕಳಿಗೆ ಮಾತ್ರ.

“ಎಲುಬು ನೆವ. ಹೊಲದಾಗ ಹೂತಿಟ್ಟ ಬಂಗಾರ ಹುಡುಕ್ಲಿಕ್ಕ ಬಂದಾರ,” ಎಂದ ಗಂಡ ವಿಶ್ವನಾಥಪ್ಪ. ಹಾಗೆಂದವನೇ ಉದಗಿರದ ಪೇಟೆಗೆ ಗಾಡಿ ಹೂಡಿದಾಗ ಅತ್ತೆ ಸೊಸೆಯರನ್ನೂ ಹತ್ತಿಸಿಕೊಂಡ. ಒಳಗೇನಿದೆ ಎಂದು ಯಾರಾದರೂ ನೋಡಿ ಬರಬೇಕಲ್ಲ!

ಡೇರೆಯೊಳಗೆ ಮಕ್ಕಳು ಕಲ್ಲಾದ ಶಂಖಗಳನ್ನು ಕಿವಿಗೆ ಹಿಡಿದು ಕೇಕೆ ಹಾಕುತ್ತಿದ್ದರು. ಶಾಲೆಯ ಮಾಸ್ತರಬಾಯಿ ತುಳಜಾಬಾಯಿ ಒಂದೊಂದನ್ನೇ ತೋರಿಸಿ ಹೇಳುತ್ತಿದ್ದಳು.

“ಇದು ಆನಿ ಹಲ್ಲು. ಮಾಂಜ್ರಾ ಹೊಳಿ ದಂಡಿಗಿ ಸಿಕ್ಕದ. ಆ ಆನಿ ಇದ್ದಾಗ ಉದಗಿರ ಇದ್ದಿಲ್ಲ, ಮನುಷ್ಯಾರೂ ಇದ್ದಿಲ್ಲ.”

“ಮನುಷ್ಯಾರೇ ಇದ್ದಿಲ್ಲಂದ್ರ ಆನಿ ಇತ್ತಂತ ನಿಮಗ ಯಾರು ಹೇಳಿದ್ರು ಬಾಯಿ?” ಎಂದಳು ಕಸ್ತೂರಬಾಯಿ. ಹೆಂಗಸರೆಲ್ಲ ನಕ್ಕರು.

ಶಿವಗಂಗಾಬಾಯಿ ನಗಲಿಲ್ಲ. ಮೇಜಿನ ಮೇಲಿದ್ದದ್ದು ತಲೆದಿಂಬಿನಷ್ಟು ಉದ್ದ, ಕಪ್ಪು, ಸಾಲು ಸಾಲು ಗೀರು.

“ಮಣ್ಣಾಗ ಇದ್ದೂ ಇದ್ದೂ ಕಲ್ಲಾಗ್ಯಾದ,” ಎಂದಳು ತುಳಜಾಬಾಯಿ. “ಇಂಥಾದ್ದು ಯಾರ ಬಲ್ಲಿ ಇದ್ರೂ ತಂದು ಕೊಡ್ರಿ. ಹೈದರಾಬಾದದಾಗ ಇಡ್ತಾರ, ನಿಮ್ಮ ಊರ ಹೆಸರು ಬರೀತಾರ.”

ಅತ್ತೆಯ ನಗೆ ಅರ್ಧಕ್ಕೆ ನಿಂತಿತು. ಆಕೆ ಹಲ್ಲನ್ನು ನೋಡಿದಳು, ಆಮೇಲೆ ಸೊಸೆಯನ್ನು ನೋಡಿದಳು.

ಗಾಡಿ ವಲಾಂಡಿಯ ಹಾದಿ ಹಿಡಿಯಿತು. ಮೀನಿನ ವಾಸನೆ ಬಂದರೂ ದಾರಿ ಬದಲಿಸುವ ಮನೆ ಅದು. ಆ ಮನೆಯ ಒಲೆಯ ಪಕ್ಕದಲ್ಲೇ ಸತ್ತ ಪ್ರಾಣಿಯ ಹಲ್ಲು! ಊರಿಗೆ ಗೊತ್ತಾದರೆ ಜಂಗಮರು ಹೊಸ್ತಿಲು ತುಳಿಯುವುದಿಲ್ಲ, ತವರಿಗೆ ಗಾಡಿ ಹೂಡಿ ಕಳಿಸುವುದು ತನ್ನನ್ನೇ ಎಂದು ಶಿವಗಂಗಾಬಾಯಿಗೆ ಗೊತ್ತಿತ್ತು.

ಮನೆ ಸೇರಿದ ಮೇಲೆ ಕಸ್ತೂರಬಾಯಿ ಅಡುಗೆಮನೆಯ ಬಾಗಿಲು ಎಳೆದುಕೊಂಡಳು.

“ಹಲ್ಲಂತ ಗೊತ್ತಿತ್ತೇನ ನಿನಗ?”

“ಇಲ್ರಿ ಅತ್ತಿ. ಈಬತ್ತಿ ಹಚ್ಚೋ ಮುಂದ ನಿಮಗ ಗೊತ್ತಿತ್ತೇನ್ರಿ?”

“ಬಾಯಿ ಬಂದಾದ ನಿನಗ!” ಅತ್ತೆಯ ದನಿ ಏರಿ, ತಟ್ಟನೆ ಇಳಿಯಿತು. “ಯಾರಿಗೂ ಹೇಳಬ್ಯಾಡ. ಹಳ್ಳದ ಮಡುವಿನಾಗ ಒಗದು ಬಾ.”

“ಈಗೇ ಒಗದು ಬರ್ತೀನ್ರಿ.”

“ಈಗ ಬ್ಯಾಡ. ಸ್ವಾಮಿಗೋಳು ಸೋಮವಾರ ಪ್ರಸಾದಕ್ಕ ಬರ್ತಾರ, ಹುಗ್ಗಿ ಗೋಧಿ ಆಗಬೇಕಲ್ಲ. ಅದೊಂದು ತಿಕ್ಕಿಬಿಡು. ಆಮ್ಯಾಲ ಒಗಿ.”

ಶಿವಗಂಗಾಬಾಯಿ ಅತ್ತೆಯ ಮುಖವನ್ನೇ ನೋಡಿದಳು. ಆಕೆ ತಮಾಷೆ ಮಾಡುತ್ತಿರಲಿಲ್ಲ.

ಸೋಮವಾರ ಹುಗ್ಗಿ ಆಯಿತು. ಸ್ವಾಮಿಗಳು ಎರಡು ಸಲ ಹಾಕಿಸಿಕೊಂಡು, “ಗೋಧಿ ಬೆಣ್ಣಿ ಆಗ್ಯಾದ ಕಸ್ತೂರವ್ವಾ,” ಎಂದು ಹರಸಿದರು. ಅತ್ತೆ ತಲೆ ಬಾಗಿ ಹರಕೆ ತೆಗೆದುಕೊಂಡಳು, ಸೊಸೆಯತ್ತ ತಿರುಗಿ ಹಳ್ಳದ ಕಡೆಗೆ ಕಣ್ಣು ಮಾಡಿದಳು.

ಮಧ್ಯಾಹ್ನ ಶಿವಗಂಗಾಬಾಯಿ ಬುಟ್ಟಿಯ ತಳದಲ್ಲಿ ಕಲ್ಲಿಟ್ಟು, ಮೇಲೆ ಮೈಲಿಗೆ ಬಟ್ಟೆ ಮುಚ್ಚಿಕೊಂಡು ಹಳ್ಳಕ್ಕೆ ಬಂದಳು. ಬಟ್ಟೆ ಒಗೆದಳು, ಹಿಂಡಿದಳು. ಮಡುವಿನ ಅಂಚಿಗೆ ಹೋಗಿ ಕಲ್ಲನ್ನು ಎತ್ತಿದಳು. ಸ್ವಾಮಿಗಳ ಹೊಟ್ಟೆಗೆ ತಟ್ಟದ ಮೈಲಿಗೆ ನಾಳೆ ಬೆಳಗಿನ ಖಾರಕ್ಕೆ ಹೇಗೆ ತಟ್ಟುತ್ತದೆ? ಅತ್ತೆಗೆ ಹಲ್ಲಿನ ಹೆದರಿಕೆಯೋ, ಸೊಸೆ ಕೂತಾಳೆಂಬ ಸಂಕಟವೋ? ಉದಗಿರದವರಿಗೆ ಕೊಟ್ಟರೆ ಊರ ಹೆಸರು ಬರೆದಾರು. ಅವರ ಮೇಜಿನ ಮೇಲೆ ಅದು ಯಾರ ರಟ್ಟೆಗೆ ಆಸರೆ? ಮಡುವಿಗೆ ಹಾಕಿದರೆ ಯಾರೂ ಏನೂ ಕೇಳುವುದಿಲ್ಲ, ಅವಳೂ ಮತ್ತೆ ಬೆಳಗ್ಗೆ ಕಟ್ಟೆಯ ಮೇಲೆ ಕೂರುವುದಿಲ್ಲ.

ಕಲ್ಲನ್ನು ನೀರಿನಲ್ಲಿ ಅದ್ದಿ, ಗೀರಿನೊಳಗೆ ಉಳಿದ ತೌಡನ್ನು ಬೆರಳಿನಿಂದ ತೆಗೆದಳು. ಒಗೆದ ಬಟ್ಟೆಯನ್ನು ಬುಟ್ಟಿಯ ತಳಕ್ಕೆ ಹಾಕಿ, ಕಲ್ಲನ್ನು ಎಲ್ಲದರ ಮೇಲೆ, ನೋಡುವವರಿಗೆ ಕಾಣುವ ಹಾಗೆ ಇಟ್ಟಳು. ಬುಟ್ಟಿ ತಲೆಗೇರಿಸಿ ಮನೆಯ ಹಾದಿ ಹಿಡಿದಳು.